ಅರವತ್ತೊಂದನೆಯ ಜೊತೆ ಚಪ್ಪಲಿ

ಬೇಗಂಪೇಟೆ, ಹೈದರಾಬಾದ್
ಮಂಗಳವಾರ, 8 ಆಗಸ್ಟ್ 2006

ಸೌ. ಸುಭದ್ರಾಗೆ,

ನಾನು ಕ್ಷೇಮ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ನೀನು, ರೇಣುಕಾ, ಅಳಿಯಂದಿರು ಹಂಪಯ್ಯನವರು, ಮೊಮ್ಮಗ ಸಮರ್ಥ್ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಸಿಂಧನೂರಿಗೆ ಹೋಗಿ ಹತ್ತೊಂಬತ್ತು ದಿನವಾಯಿತು. ಅಷ್ಟು ದಿನ ಒಂದು ಕಾಗದ ಹಾಕದೆ ಇದ್ದದ್ದು ನನ್ನ ತಪ್ಪು. ಏಳು ಸಲ ಫೋನ್ ಮಾಡಿದೆ. ಏಳು ಸಲವೂ ರೇಣುಕಾಳೇ ಎತ್ತಿ, “ಅವ್ವ ಮಲಗ್ಯಾಳಪ್ಪ” ಎಂದಳು. ಬೆಳಿಗ್ಗೆ ಹತ್ತಕ್ಕೂ ನೀನು ಮಲಗಿದ್ದೆ, ಸಂಜೆ ಆರಕ್ಕೂ ಮಲಗಿದ್ದೆ. ಮೂವತ್ತು ವರ್ಷದ ಸಂಸಾರದಲ್ಲಿ ನೀನು ಅಷ್ಟು ಮಲಗಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ಕಾಗದ. ಒಲೆಗೆ ಹಾಕುವುದೇ ಆದರೂ, ಹಾಕುವ ಮುಂಚೆ ಒಂದು ಸಲ ಓದುತ್ತೀ ಎಂಬ ನಂಬಿಕೆ.

ಮೊದಲು ಬೇಡಿಕೆ ಹೇಳುತ್ತೇನೆ, ಆಮೇಲೆ ಸುದ್ದಿ. ನಿನ್ನ ಬಟ್ಟೆಚೀಲದಲ್ಲಿ, ರೇಷನ್ ಕಾರ್ಡಿನ ಜೊತೆ, ನಮ್ಮ ಕೆಲಸದ ಕೆಂಪು ರಟ್ಟಿನ ರಿಜಿಸ್ಟರ್ ಹೋಗಿದೆ. ಬೇಕಂತಲೇ ಒಯ್ದೆಯೋ, ಯಾವಾಗಲೂ ಆ ಚೀಲದಲ್ಲೇ ಇರುತ್ತಿತ್ತೆಂದು ಹೋಯಿತೋ, ನಾನು ಕೇಳುವುದಿಲ್ಲ. ಅದರಲ್ಲಿ ‘ಗುಂಡಿ ಕೆಲಸ’ ಎಂದು ನೀನು ಬರೆದಿಟ್ಟ ಎರಡು ಹಾಳೆ ನನಗೆ ಬೇಕು. ಸಿಂಧನೂರಿನಿಂದ ಬೆಳಿಗ್ಗೆ ಹೊರಡುವ ಹೈದರಾಬಾದ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಗೆ ನಾನೇ ಸ್ಟ್ಯಾಂಡಿನಲ್ಲಿ ನಿಂತು ಇಸಿದುಕೊಳ್ಳುತ್ತೇನೆ. ಈ ಕಾಗದವನ್ನೂ ಆ ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ. ಒಂದು ದಿನ ತಡವಾದರೆ ಒಂದು ಮಗುವಿನ ಜೀವ ಹೋಗಬಹುದು. ಇದು ನನ್ನ ಮಾತಿನ ವರಸೆಯಲ್ಲ ಸುಭದ್ರಾ.

ಈಗ ಸುದ್ದಿ. ಆ ಕೆಲಸದ ಬಗ್ಗೆ ನಾನು ನಿನಗೆ ಹೇಳಿದ್ದು ಅರ್ಧ. ನಾವು ಬೋರ್ಡು ಬರೆದುಕೊಡುವ ಜಾಹೀರಾತು ಕಂಪನಿಗೆ ಒಂದು ಮಕ್ಕಳ ಟ್ರಸ್ಟಿನಿಂದ ಕೆಲಸ ಬಂದಿತ್ತು. ಗಚ್ಚಿಬೌಲಿ, ಮಾದಾಪುರದ ಕಡೆ ಕಂಪ್ಯೂಟರ್ ಕಂಪನಿಗಳು ಏಳುತ್ತಿವೆಯಲ್ಲ, ಒಂದೊಂದು ಕಟ್ಟಡಕ್ಕೂ ಕೆಳಗೆ ಕಾರು ನಿಲ್ಲಿಸಲು ಎರಡಾಳು ಮೂರಾಳು ಆಳದ ಸೆಲ್ಲಾರ್ ಗುಂಡಿ ತೋಡುತ್ತಾರೆ. ಬೇಲಿ ಇಲ್ಲ. ಮಳೆ ಬಂದರೆ ಕೆರೆ. ಪಕ್ಕದಲ್ಲೇ ಕೂಲಿಯವರ ತಗಡಿನ ಶೆಡ್ಡು, ಅವರ ಮಕ್ಕಳು. ಹೋದ ಮಳೆಗಾಲದಲ್ಲಿ ಮಕ್ಕಳು ಸತ್ತರು. ಇದನ್ನು ದಾರಿಯಲ್ಲಿ ಹೋಗುವವರ, ಬಿಲ್ಡರುಗಳ ಕಣ್ಣಿಗೆ ಕಾಣಿಸಬೇಕು, ಆದರೆ ಬೋರ್ಡು ಬೇಡ, ಬೋರ್ಡು ಯಾರೂ ಓದುವುದಿಲ್ಲ, ಆಂಬಿಯೆಂಟ್ ಬೇಕು ಎಂದರು. ನನಗೆ ತಿಳಿದಷ್ಟು ಹೇಳುತ್ತೇನೆ: ಗೋಡೆಯ ಮೇಲೆ ಬರೆದರೆ ಪೇಂಟರ್ ಕೆಲಸ, ಅದನ್ನೇ ನೆಲದ ಮೇಲೆ ಇಟ್ಟು ಸುಮ್ಮನಿದ್ದರೆ ಆಂಬಿಯೆಂಟ್.

ಡಿಸೈನ್ ಮಾಡುವ ಮಾನ್ಯಾಳನ್ನು ನೀನು ನೋಡಿದ್ದೀ. ಅವರಪ್ಪ ತಿಪ್ಪೇಸ್ವಾಮಿಯವರು ಚಿತ್ರದುರ್ಗದ ಕಡೆಯವರು, ಇಲ್ಲಿ ರಕ್ಷಣಾ ಕಾರ್ಖಾನೆಯಲ್ಲಿದ್ದಾರೆ. ಆ ಹುಡುಗಿ ಮೂರು ಸಲ ಡಿಸೈನ್ ತಂದು ತೋರಿಸಿದಳು, ಕಂಪನಿಯ ಸಾಹೇಬರು ಮೂರು ಸಲವೂ ಬೇಡ ಎಂದರು. ನಾಲ್ಕನೆಯ ಮೀಟಿಂಗಿನಲ್ಲಿ ಅವಳ ಕಣ್ಣು ತುಂಬಿತ್ತು. ಸಾಮಾನು ಮಾಡಿಕೊಡುವವನು ಮೂಲೆಯಲ್ಲಿ ಕೂತು ಚಹಾ ಕುಡಿಯಬೇಕು, ಅದು ಕಾಯಿದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಎದ್ದು ನಿಂತು ಹೇಳಿದೆ: “ಸಾಹೇಬ್ರ, ನಮ್ಮೂರ ಕಡೆ ಒಬ್ಬ ಹುಡುಗ ಕಲ್ಲಿನ ಖಣಿ ನೀರಾಗ ಬಿದ್ದು ಹೋದ. ನೀರಂದ್ರ ಗಂಗವ್ವ ಅಂತ ನಮ್ಮ ಮಂದಿ ಚಪ್ಪಲಿ ಬಿಟ್ಟ ಇಳೀತಾರ. ಅಂಚಿನ ಮ್ಯಾಲ ಆ ಹುಡುಗನ ಎರಡ ಚಪ್ಪಲಿ, ಜೋಡಿಸಿ ಇಟ್ಟಂಗ, ನೀರಿನ ಕಡೆ ಮುಖ ಮಾಡಿದ್ವು. ಅದನ್ನ ನೋಡಿದವರಿಗೆ ಮತ್ತ ಬ್ಯಾರೆ ಬೋರ್ಡ್ ಬೇಕಾಗಿಲ್ಲ.”

ಸಾಹೇಬರು ಮೇಜು ಕುಟ್ಟಿ, ಇದೇ ಆಗಲಿ ಎಂದರು.

ಹೀಗೆ ಅರವತ್ತು ಜೊತೆ. ಒಂದೂವರೆ ಅಡಿ ಶಾಬಾದ್ ಕಲ್ಲಿನ ಮೇಲೆ ಐದಾರು ವರ್ಷದ ಮಗುವಿನ ಅಳತೆಯ ಒಂದು ಜೊತೆ ಚಪ್ಪಲಿ ಅಂಟಿಸುವುದು, ಮುಂದೆ ‘ಇವು ಯಾರವು?’ ಎಂದು ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಬರೆಯುವುದು, ಕಲ್ಲನ್ನು ಗುಂಡಿಯ ಅಂಚಿಗೆ ಸಿಮೆಂಟಿನಲ್ಲಿ ಕೂಡಿಸುವುದು. ಮೊದಲ ನಲವತ್ತನ್ನು ನಮ್ಮ ಪೇಂಟರ್ ಹನುಮಂತ, ನಾನು ಎರಡು ಆಟೋದಲ್ಲಿ ತಿರುಗಿ ಕೂಡಿಸಿ ಬಂದೆವು. ಸಂಜೆ ಜಾಗ ಹೇಳಿದಂತೆ ನೀನು ಬರೆದುಕೊಂಡೆ. ಯಾವ ಕಲ್ಲು ಎಂದು ನೀನು ಕೇಳಿದ್ದಕ್ಕೆ, “ಗುರುತಿನ ಕಲ್ಲು” ಎಂದಿದ್ದೆ. ಎರಡಡಿ ಅಕ್ಷರ ಬರೆಯುವ ಕೈ ನನ್ನದು, ಗೆರೆ ಹಾಳೆಯಲ್ಲಿ ಪಟ್ಟಿ ಬರೆಯಲು ಬರುವುದಿಲ್ಲ ಎಂದು ನಿನ್ನ ಕೈಯಲ್ಲೇ ಬರೆಸಿದೆ. ಎಷ್ಟು ದೊಡ್ಡ ಧೈರ್ಯ ನನ್ನದು.

ಉಳಿದ ಇಪ್ಪತ್ತು ಜೊತೆಯನ್ನು ಗೋದಾಮು ಸೋರುತ್ತದೆಂದು ಮನೆಯ ಹಾಲಿನಲ್ಲಿ ಸಾಲಾಗಿ ಇಟ್ಟು ಅಂಟು ಒಣಗಲು ಬಿಟ್ಟಿದ್ದೆ. ನೀನು ಕಾಯಿಪಲ್ಯ ತಂದು ಒಳಗೆ ಬಂದೆ. ನಾನು ಮಾತು ಹುಡುಕುವಷ್ಟರಲ್ಲಿ ಮಾನ್ಯಾ, ಪಾಪ, ಅವಳಿಗೇನು ಗೊತ್ತು, ಚಹಾ ಲೋಟ ಹಿಡಿದು ನನ್ನನ್ನು ಹೊಗಳತೊಡಗಿದಳು: “ಆಂಟಿ, ಇದು ಅಂಕಲ್ ಐಡಿಯಾ. ಯಾರೋ ಹುಡುಗನ ಚಪ್ಪಲಿ ಖಣಿ ಅಂಚಲ್ಲಿ ಹಾಗೇ ಇತ್ತಂತೆ.” ನೀನು ಅಳಲಿಲ್ಲ, ಕೂಗಲಿಲ್ಲ. ನನ್ನ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದೆ: “ಅಂಚಿನ ಮ್ಯಾಲ ಇದ್ವು ಅಂತ ನಿಮಗ ಯಾರ ಹೇಳಿದ್ರು?” ಆಮೇಲೆ ಚೀಲ ತೆಗೆದುಕೊಂಡು ಹೊರಟೇಬಿಟ್ಟೆ. ಬರಿಗಾಲಲ್ಲಿ. ಇಪ್ಪತ್ತೆರಡು ವರ್ಷದಿಂದ ನೀನು ಚಪ್ಪಲಿ ಮೆಟ್ಟಿಲ್ಲ. ಮೇ ತಿಂಗಳ ಡಾಂಬರಿನ ಮೇಲೂ ಮೆಟ್ಟಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನಮ್ಮ ಹುಲಗೇಶ ಮುದಗಲ್ಲಿನ ಖಣಿಗೆ ಹೋದ ದಿನ ಅವನ ಚಪ್ಪಲಿ ನಮ್ಮ ಮನೆಯ ಬಾಗಿಲಲ್ಲೇ ಇದ್ದವು. ನಿನಗೂ ಗೊತ್ತು, ಓಣಿಗೆಲ್ಲ ಗೊತ್ತು. ಕಥೆಗೆ ಬೇಕೆಂದು ನಾನೇ ಅವನ್ನು ಬಾಗಿಲಿನಿಂದ ಅಂಚಿಗೆ ತಂದೆ. ಮಾತು ಮಾರುವವನ ಚಾಳಿ. ಸತ್ತ ಮಗನನ್ನು ಮೀಟಿಂಗಿನಲ್ಲಿ ಇಟ್ಟು ಚಪ್ಪಾಳೆ ಗಿಟ್ಟಿಸಿದ ಗಂಡ ಎಂದು ನೀನು ಎಷ್ಟು ಬೈದರೂ ಕಡಿಮೆಯೇ.

ಆದರೆ ಬೈಯುವುದನ್ನು ಸ್ವಲ್ಪ ತಡೆದುಕೋ, ಮುಂದೆ ಓದು. ಮೊನ್ನೆ ಶನಿವಾರ ಹನ್ನೊಂದು ಗಂಟೆಗೆ, ಗಚ್ಚಿಬೌಲಿಯ ಒಂದು ಗುಂಡಿಗೆ ಐದು ವರ್ಷದ ಹೆಣ್ಣುಮಗು ಬಿತ್ತು. ಭಾಗ್ಯಶ್ರೀ ಎಂದು ಹೆಸರು. ಅಪ್ಪ ಸಾಬಣ್ಣ, ಶಹಾಪುರದವನು, ಸೆಂಟ್ರಿಂಗ್ ಕೆಲಸ. ಒಬ್ಬ ಮೇಸ್ತ್ರಿ ಹಾರಿ ಎತ್ತಿಕೊಂಡ. ತೊಡೆ ಮುರಿದಿದೆ, ತಲೆಗೆ ಕಬ್ಬಿಣದ ಸಲಾಕೆ ಬಡಿದಿದೆ, ಇನ್ನೂ ಕಣ್ಣು ತೆರೆದಿಲ್ಲ. ಅವಳು ಬಿದ್ದದ್ದು ನಮ್ಮ ಕಲ್ಲಿನ ಹತ್ತಿರ. ಸೈಟಿನ ಸೂಪರ್‌ವೈಸರ್ ಹೇಳಿದ: ಚಪ್ಪಲಿ ಕದಿಯಲು ಹೋಗಿ ಬಿದ್ದಳು.

ಕೇಳಿದ ಕೂಡಲೇ ನನಗೆ ಎಲ್ಲ ಹೊಳೆಯಿತು. ಆನೆ ಎಳೆದರೂ ಬರದ ಅಂಟು ಎಂದು ನಾನೇ ಜಂಬ ಹೊಡೆದಿದ್ದೆ. ಬರದ ಚಪ್ಪಲಿಯನ್ನು ಎಳೆಯಬೇಕಾದರೆ ಮಗು ನೀರಿನ ಕಡೆ ಬಾಗಲೇಬೇಕು. ಆ ಸೈಟಿನ ಶೆಡ್ಡಿಗೆ ಹೋಗಿ ಎಣಿಸಿದೆ: ಇಪ್ಪತ್ಮೂರು ಮಕ್ಕಳು, ಕಾಲಲ್ಲಿ ಚಪ್ಪಲಿ ಇದ್ದದ್ದು ನಾಲ್ಕು ಮಕ್ಕಳಿಗೆ. ಕೆಲಸ ಹಿಡಿಯುವ ಮುಂಚೆ ಗುಂಡಿ ಎಣಿಸಿದ್ದೆ, ದಾರಿಯಲ್ಲಿ ಹೋಗುವ ಕಾರು ಎಣಿಸಿದ್ದೆ, ಬರಿಗಾಲು ಎಣಿಸಿರಲಿಲ್ಲ. ಮಕ್ಕಳು ಬೀಳದಿರಲೆಂದು ಮಾಡಿದ ಕೆಲಸ, ಅರವತ್ತು ಕಡೆ ಮಕ್ಕಳನ್ನು ಅಂಚಿಗೆ ಕರೆಯುತ್ತಾ ಕೂತಿದೆ.

ಶನಿವಾರ ಮಧ್ಯಾಹ್ನದಿಂದ ಹನುಮಂತ, ನಾನು ಸುತ್ತಿಗೆ, ಉಳಿ ಹಿಡಿದು ಚಪ್ಪಲಿ ಕೀಳುತ್ತಿದ್ದೇವೆ. ನೀನು ಹೋದ ಮೇಲೆ ಕೂಡಿಸಿದ ಕೊನೆಯ ಇಪ್ಪತ್ತು ನೆನಪಿತ್ತು, ತೆಗೆದೆವು. ಮೊದಲ ನಲವತ್ತರಲ್ಲಿ ಇಪ್ಪತ್ತೊಂಬತ್ತು ಸಿಕ್ಕವು. ಹನ್ನೊಂದು ಸಿಗುತ್ತಿಲ್ಲ. ಈ ಊರು ಒಂದು ತಿಂಗಳಲ್ಲಿ ಗುರುತು ಸಿಗದಂತೆ ಬದಲಾಗುತ್ತದೆ. ಬಯಲಿದ್ದಲ್ಲಿ ತಗಡಿನ ಗೋಡೆ, ದಾರಿ ಇದ್ದಲ್ಲಿ ಜಲ್ಲಿಯ ಗುಡ್ಡ. ಹನುಮಂತ ತಲೆ ಹಿಡಿದು ಕೂತು, “ಅಣ್ಣಾರ, ಎಲ್ಲಾ ಗುಂಡೀನೂ ಒಂದ ಥರಾ ಕಾಣಾಕತ್ತಾವ್ರಿ” ಎನ್ನುತ್ತಾನೆ. ಇತ್ತ ಮಳೆ ಹಿಡಿದಿದೆ.

ಕಂಪನಿಯ ಸಾಹೇಬರು ಮುಟ್ಟಕೂಡದು ಎಂದಿದ್ದಾರೆ. ಶುಕ್ರವಾರ ಮುಂಬೈಯಿಂದ ಫೋಟೋ ತೆಗೆಯುವವರು ಬರುತ್ತಾರಂತೆ, ಯಾವುದೋ ಪ್ರಶಸ್ತಿಗೆ ಕಳಿಸಬೇಕಂತೆ. ಮಾನ್ಯಾ ಫೋನಿನಲ್ಲಿ ಅಳುತ್ತಾ, “ಶುಕ್ರವಾರದವರೆಗೆ ಮಾತ್ರ ಅಂಕಲ್, ಪ್ಲೀಸ್” ಎಂದಳು. “ಮಾನ್ಯವ್ವಾ, ಶುಕ್ರವಾರದ ತನಕ ಗುಂಡಿಗೆ ಬೀಳಬ್ಯಾಡ್ರಿ ಅಂತ ಹುಡುಗರಿಗೆ ನೀನ ಹೋಗಿ ಹೇಳಿ ಬಾ” ಎಂದು ಫೋನಿಟ್ಟೆ.

ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಆ ಎರಡು ಹಾಳೆ ಮಾತ್ರ ಕಳಿಸು. ಕಾಲಿಗೆ ಬೀಳು ಎಂದರೆ ಬೀಳುತ್ತೇನೆ, ಬರಿ ಮಾತಿನಲ್ಲಲ್ಲ. ಸಮರ್ಥನಿಗೆ ತಾತನ ಮುತ್ತು. ಅವನನ್ನು ಓಣಿಗೆ ಒಬ್ಬನೇ ಬಿಡಬೇಡಿರಿ.

ನಿನ್ನ
ಅಮರೇಶಪ್ಪ


ಬೇಗಂಪೇಟೆ
ಭಾನುವಾರ, 13 ಆಗಸ್ಟ್ 2006

ಸುಭದ್ರಾ,

ರಿಜಿಸ್ಟರ್ ಗುರುವಾರ ಸಂಜೆ ಕೈಗೆ ಬಂತು. ಎರಡು ಹಾಳೆ ಕೇಳಿದ್ದೆ, ನೀನು ಇಡೀ ಪುಸ್ತಕವನ್ನೇ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಕಳಿಸಿದ್ದೀ. ಒಳಗೆ ಒಂದು ಸಾಲಾದರೂ ಇರಬಹುದೆಂದು ಸ್ಟ್ಯಾಂಡಿನಲ್ಲೇ ನಿಂತು ಎಲ್ಲ ಹಾಳೆ ಮಗುಚಿದೆ. ಇರಲಿಲ್ಲ. ಬೇಗ ಬರೆಯಬೇಕಿತ್ತು, ಮೂರು ದಿನ ತಡವಾಯಿತು, ಯಾಕೆಂದು ಹೇಳುತ್ತೇನೆ.

ನಿನ್ನ ಬರಹಕ್ಕೆ ಕೈ ಮುಗಿಯಬೇಕು. ನಾವು ಬಾಯಿಗೆ ಬಂದಂತೆ ಹೇಳಿದ್ದನ್ನು ನೀನು ಕೇಳಿ ಕೇಳಿ ಬರೆದಿದ್ದೀ: “ಬೇವಿನ ಗಿಡ, ಎಡಕ್ಕೆ ಚಹಾ ಬಂಡಿ, ಮುರಿದ ಕರೆಂಟ್ ಕಂಬದಿಂದ ನಲವತ್ತು ಹೆಜ್ಜೆ.” ಹನುಮಂತ ಓದಿ, “ಅಕ್ಕಾರು ಮನ್ಯಾಗ ಕುಂತ ನೋಡ್ಯಾರ, ನಾವು ಹೋಗಿ ನೋಡಿಲ್ಲ” ಎಂದ. ಶುಕ್ರವಾರ ಬೆಳಕು ಹರಿಯುತ್ತಲೇ ಹೊರಟೆವು. ಮೊದಲನೆಯ ಗುಂಡಿಯ ಹತ್ತಿರ ಮಾನ್ಯಾ ತನ್ನ ಸ್ಕೂಟಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಹನುಮಂತನೇ ಅವಳಿಗೆ ಫೋನ್ ಮಾಡಿದ್ದನಂತೆ. “ಅಂಕಲ್, ನಂಗೂ ಒಂದು ಉಳಿ ಕೊಡಿ” ಎಂದಳು. ಆಫೀಸಿನಲ್ಲಿ ಏನಂತಾರೆ ಎಂದರೆ, “ಅನ್ನಲಿ” ಎಂದಳು. ಕೈಗೆ ಬೊಬ್ಬೆ ಬಂದರೂ ಬಿಡಲಿಲ್ಲ.

ಮಧ್ಯಾಹ್ನದೊಳಗೆ ಹತ್ತು ತೆಗೆದೆವು. ಹನ್ನೊಂದನೆಯದಕ್ಕೆ ಹೋದರೆ ಕಲ್ಲಿದೆ, ಬರಹವಿದೆ, ಚಪ್ಪಲಿ ಇಲ್ಲ. ಅಂಟಿನ ಎರಡು ಗುರುತು ಮಾತ್ರ. ಕೆಳಗೆ ಅಂಚಿನವರೆಗೆ ಕೆಂಪು ನೀರು. ಹನುಮಂತ ಸೆಂಟ್ರಿಂಗ್ ಬಿದಿರು ತಂದು ನೀರಿನಲ್ಲಿ ಆಡಿಸತೊಡಗಿದ. ಬಿದಿರಿಗೆ ಏನೋ ತಾಗಿದಾಗ ಮಾನ್ಯಾ ಮುಖ ಮುಚ್ಚಿಕೊಂಡಳು. ಎಳೆದರೆ ಸಿಮೆಂಟ್ ಚೀಲ. ಮತ್ತೆ ತಾಗಿತು, ಮತ್ತೆ ಚೀಲ. ಆ ಅರ್ಧ ಗಂಟೆ ನಾನು ಹೇಗಿದ್ದೆನೆಂದು ಬರೆಯಲು ಬರುವುದಿಲ್ಲ. ಮುದಗಲ್ಲಿನಲ್ಲಿ ಖಣಿಗೆ ಹಗ್ಗ ಇಳಿಸಿದ್ದರಲ್ಲ, ಆ ಹೊತ್ತು ಮತ್ತೆ ಬಂದಂತಿತ್ತು.

ಆಮೇಲೆ ಚಹಾ ಬಂಡಿಯ ಹೆಂಗಸು ಅಂಬುಬಾಯಿ, ಸೇಡಂ ಕಡೆಯವಳು, ಸೊಂಟದ ಮೇಲೆ ಕೈ ಇಟ್ಟು ಬಂದಳು. “ಏನ್ ಹುಡುಕಾಕತ್ತೀರಿ ಕಾಕಾ? ಚಪ್ಪಲೇನು? ಅವು ನನ್ನ ಮಗಳ ಕಾಲಾಗ ಅದಾವ. ಸುಡುಗಾಡ ಅಂಟು, ಚಾಕು ಹಾಕಿ ಎಬ್ಬಿಸೀನಿ. ನಿಮ್ಮವಾದ್ರ ವಾಪಸ್ ಕೊಡಂಗಿಲ್ಲ ನೋಡ್ರಿ, ಮೊದಲ ಹೇಳ್ತೀನಿ.”

ಬಂಡಿಯ ಕೆಳಗೆ ಒಂದು ಹುಡುಗಿ ಕೂತು ಬಿಸ್ಕತ್ತು ತಿನ್ನುತ್ತಿತ್ತು, ಕಾಲಲ್ಲಿ ನಮ್ಮ ಚಪ್ಪಲಿ. ನಾನು ಆ ಕೆಸರಿನಲ್ಲೇ ಕೂತುಬಿಟ್ಟೆ. ಅಂಬುಬಾಯಿ ಹೆದರಿ ಚಹಾ ಕೊಟ್ಟಳು.

ಅರವತ್ತಕ್ಕೆ ಅರವತ್ತೂ ಲೆಕ್ಕಕ್ಕೆ ಸಿಕ್ಕವು. ಫೋಟೋದವರು ಬಂದು, ನಾವು ಚಪ್ಪಲಿ ಕಿತ್ತು ಬಿಟ್ಟ ಒಂದು ಖಾಲಿ ಕಲ್ಲಿನ ಫೋಟೋವನ್ನೇ ತೆಗೆದುಕೊಂಡು ಹೋದರಂತೆ. ಅದು ಇನ್ನೂ ಚೆನ್ನಾಗಿದೆ ಎಂದು ಸಾಹೇಬರು ಹಿಗ್ಗಿದರಂತೆ. ನಾನಿನ್ನು ಆ ಕಂಪನಿಯ ಮೆಟ್ಟಿಲು ಹತ್ತುವುದಿಲ್ಲ.

ಭಾಗ್ಯಶ್ರೀ ಶುಕ್ರವಾರ ಸಂಜೆ ಕಣ್ಣು ತೆರೆದಳು. ನೋಡಲು ಹೋಗಬೇಕೆಂದು ಶನಿವಾರ ಇಡೀ ದಿನ ದವಾಖಾನೆಯ ಗೇಟಿನ ತನಕ ಹೋಗುವುದು, ತಿರುಗಿ ಬರುವುದು. ಅದಕ್ಕೇ ಈ ಕಾಗದ ತಡವಾಯಿತು. ಇವತ್ತು ಬೆಳಿಗ್ಗೆ ಒಳಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಜೊತೆ ಹೊಸ ಚಪ್ಪಲಿ ಕೊಂಡು, ಡಬ್ಬಿ ಸಮೇತ ತೆಗೆದುಕೊಂಡು ಹೋದೆ. ಚಪ್ಪಲಿಗೆ ಆಸೆಪಟ್ಟು ಬಿದ್ದ ಮಗು, ಚಪ್ಪಲಿಯನ್ನೇ ಕೊಡೋಣ ಎಂದು. ನನ್ನ ಬುದ್ಧಿ ನೋಡು.

ಮಗು ಗುಬ್ಬಿಯಷ್ಟಿದೆ. ಕಾಲಿಗೆ ತೂಕ ಕಟ್ಟಿದ್ದಾರೆ. ಸಾಬಣ್ಣ ಹಾಸಿಗೆಯ ಪಕ್ಕ ನೆಲದಲ್ಲಿ ಕೂತಿದ್ದ. ನಾನು ಯಾರೆಂದು ಹೇಳಿದೆ, ಆ ಕಲ್ಲು ಇಟ್ಟವನು ನಾನೇ ಎಂದೂ ಹೇಳಿದೆ. ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ನನಗೇ ಕೈ ಮುಗಿದ. “ತಪ್ಪಾತ್ರಿ ಯಪ್ಪಾ. ನಮ್ಮ ಹುಡುಗಿ ಕಳವು ಮಾಡಾಕಿ ಅಲ್ರೀ. ಹೊಟ್ಟಿಗೆ ಬಟ್ಟಿಗೆ ಕಮ್ಮಿ ಐತಿ ಖರೆ, ಮಂದಿದು ಮುಟ್ಟೂದು ಕಲಿಸಿಲ್ರೀ. ಪೊಲೀಸರಿಗೆ ಹೇಳಬ್ಯಾಡ್ರಿ.”

ಸುಭದ್ರಾ, ಮಗಳು ಸಾವಿನ ಬಾಗಿಲಲ್ಲಿದ್ದ ಆರು ದಿನ ಆ ಮನುಷ್ಯ ಕಳ್ಳಿಯ ಅಪ್ಪ ಎಂಬ ನಾಚಿಕೆಯನ್ನೂ ಹೊತ್ತು ಕೂತಿದ್ದ.

ನಾನು ಡಬ್ಬಿ ತೆರೆದು ಚಪ್ಪಲಿ ತೋರಿಸಿದೆ. ಮಗು ಕೈ ಚಾಚಲಿಲ್ಲ. ಬಹಳ ಹೊತ್ತು ನೋಡಿ, ನನ್ನನ್ನು ಕೇಳಿತು: “ಇವು ಅವನವೇನು?”

“ಯಾರವು, ತಂಗೀ?”

“ನೀರಿಗಿಳದಾವನವು. ಚಪ್ಪಲಿ ಬಿಟ್ಟ ಇಳದಿದ್ದ. ಭಾಳ ಹೊತ್ತಾದ್ರೂ ಮ್ಯಾಲ ಬರಲಿಲ್ಲ. ನಾ ಕರದ್ನಿ, ಓ ಅನ್ನಲಿಲ್ಲ. ಅದಕ್ಕ ಬಗ್ಗಿ ನೋಡಿದ್ನಿ.” ಆಮೇಲೆ, “ಅಜ್ಜಾ, ಅವ ಸಿಕ್ಕನೇನು?”

ಅವಳು ಚಪ್ಪಲಿ ಮುಟ್ಟಿರಲೇ ಇಲ್ಲ. ಅರವತ್ತು ಕಲ್ಲು ಇಟ್ಟೆವು, ಸಾವಿರಾರು ಜನ ಅದರ ಮುಂದೆ ಹಾದುಹೋದರು. ಎರಡು ಚಪ್ಪಲಿ ನೀರಿನ ಕಡೆ ಮುಖ ಮಾಡಿದ್ದರೆ ಅದರ ಅರ್ಥ ಏನೆಂದು ತಿಳಿದು, ನಿಂತು, ಕೂಗಿ, ಬಗ್ಗಿ ನೋಡಿದ್ದು ಇಡೀ ಊರಿನಲ್ಲಿ ಓದು ಬಾರದ ಈ ಒಂದು ಮಗು. “ಸಿಕ್ಕನವ್ವಾ” ಎಂದೆ. “ಮನೀಗೆ ಹೋದನೇನು?” ಎಂದಳು. “ಹೋದ” ಎಂದೆ. “ಹಂಗಾರ ಅವನ ಚಪ್ಪಲಿ ಅವನಿಗೆ ಕೊಡ್ರಿ” ಎಂದು ಕಣ್ಣು ಮುಚ್ಚಿದಳು.

ಸಾಬಣ್ಣನ ಹೆಗಲು ಹಿಡಿದು, ವಾರ್ಡಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ, ನಿನ್ನ ಮಗಳು ಕದಿಯಲು ಹೋಗಿರಲಿಲ್ಲ, ಒಬ್ಬ ಹುಡುಗನನ್ನು ಉಳಿಸಲು ಹೋಗಿದ್ದಳು ಎಂದು. ಕಾಲು ಕೂಡಲು ಮೂರು ತಿಂಗಳು ಬೇಕಂತೆ. ಕುಂಟು ಉಳಿಯಬಹುದು ಎನ್ನುತ್ತಾರೆ. ಆ ಮೂರು ತಿಂಗಳು ನಾನು ಅಲ್ಲಿಗೆ ಹೋಗುತ್ತಿರುತ್ತೇನೆ.

ನೀನು ಬಾ ಎಂದು ಬರೆಯುವ ಮುಖ ನನಗಿಲ್ಲ. ರೇಣುಕಾಳ ಮನೆ ತಂಪಾಗಿರಲಿ, ಸಮರ್ಥ್ ನೂರು ವರ್ಷ ಬಾಳಲಿ, ನಿನ್ನ ಕಾಲಿಗೆ ಒಂದು ಕಲ್ಲೂ ಚುಚ್ಚದಿರಲಿ.

ನಿನ್ನ
ಅಮರೇಶಪ್ಪ

ಮರೆತ ಮಾತು: ಮರೆತದ್ದಲ್ಲ. ಹೋದ ಕಾಗದದಲ್ಲಿ ನಿನ್ನ ಪ್ರಶ್ನೆಗೆ ನಾನು ಬರೆದ ಉತ್ತರ ಸುಳ್ಳು. ಚಪ್ಪಲಿಯನ್ನು ಬಾಗಿಲಿನಿಂದ ಅಂಚಿಗೆ ಕಥೆಯಲ್ಲಿ ತರಲಿಲ್ಲ. ಅಂಚಿನಿಂದ ಬಾಗಿಲಿಗೆ ನಿಜವಾಗಿ ತಂದೆ. ಆ ದಿನ ಮಧ್ಯಾಹ್ನ ಸೈಕಲ್ಲಿಗೆ ಬಣ್ಣದ ಡಬ್ಬಿ ಕಟ್ಟಿಕೊಂಡು ಖಣಿಯ ದಾರಿಯಲ್ಲಿ ಬರುತ್ತಿದ್ದೆ. ಅಂಚಿನ ಮೇಲೆ ಹುಲಗೇಶನ ಚಪ್ಪಲಿ ಜೋಡಿಸಿಟ್ಟಂತೆ ಇದ್ದವು. ಎರಡು ವರ್ಷ ಬಾಳಲಿ ಎಂದು ಒಂದು ಅಳತೆ ದೊಡ್ಡದು ಕೊಡಿಸಿದ್ದೆನಲ್ಲ, ನೀಲಿ ಪಟ್ಟಿಯವು, ಅವೇ. ಹೊಸ ಚಪ್ಪಲಿ ಹೀಗೆ ಬಿಟ್ಟು ಆಡಲು ಹೋಗಿದ್ದಾನೆ, ಯಾರಾದರೂ ಒಯ್ದಾರು ಎಂದು ಎತ್ತಿಕೊಂಡೆ. ಕರೆಯಲಿಲ್ಲ. ಬಗ್ಗಿ ನೋಡಲಿಲ್ಲ. ನೀನು ನೀರು ತರಲು ನಳಕ್ಕೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮಸ್ಕಿಗೆ ಬೋರ್ಡ್ ಬರೆಯಲು ಹೋದೆ. ನೀನು ಬಂದು ಚಪ್ಪಲಿ ನೋಡಿ, ಮಗ ಇಲ್ಲೇ ಎಲ್ಲೋ ಇದ್ದಾನೆ ಎಂದುಕೊಂಡೆ. ಹೊತ್ತು ಮುಳುಗುವ ತನಕ ಹುಡುಕಲಿಲ್ಲ. ಮಗ ಬರಿಗಾಲಲ್ಲಿ ಹೊರಗೆ ಹೋದದ್ದನ್ನು ನೋಡದ ತಾಯಿ ಎಂದು ಓಣಿಯವರು ಅಂದರು, ನೀನೂ ಅಂದುಕೊಂಡೆ, ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಅವನು ಬರಿಗಾಲಲ್ಲಿ ಹೋಗಿರಲಿಲ್ಲ ಸುಭದ್ರಾ. ಇಪ್ಪತ್ತೆರಡು ವರ್ಷ ನೀನು ಬರಿಗಾಲಲ್ಲಿ ನಡೆದದ್ದು ನನ್ನ ತಪ್ಪಿಗೆ. ಇನ್ನು ಚಪ್ಪಲಿ ಮೆಟ್ಟು.